ಬಸವಕಲ್ಯಾಣ – ಹುಮನಾಬಾದ್ ಭಾಗದ ಐತಿಹಾಸಿಕ ಕೋಟೆಗಳು: ವಾಹನದಲ್ಲಿಯೇ ತಂಗಿ ಪ್ರವಾಸ ಮಾಡುವ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳು ದಖ್ಖನಿನ ಕೋಟೆಗಳನ್ನು ನೋಡಬಯಸುವ ಕುಟುಂಬಗಳಿಗೆ ಅನುಕೂಲಕರ ನೆಲೆಗಳಾಗಿವೆ. ಬಸವಕಲ್ಯಾಣ, ಬೀದರ್, ಕಲಬುರಗಿ ಹಾಗೂ ನೆರೆಯ ಮಹಾರಾಷ್ಟ್ರದ ನಳದುರ್ಗ ಕೋಟೆಗಳಿಗೆ ಇಲ್ಲಿಂದ ಒಂದೊಂದೇ ದಿನದಲ್ಲಿ ಹೋಗಿ ಬರಬಹುದು. ಕ್ರೂಸರ್, ಟೆಂಪೊ ಟ್ರಾವೆಲರ್ ಮುಂತಾದ ವಾಹನಗಳಲ್ಲಿ ಹಾಸಿಗೆ, ಒಲೆ, ಪಾತ್ರೆಗಳೊಂದಿಗೆ ಹೊರಟು ದಾರಿಯಲ್ಲಿ ಅಡುಗೆ ಮಾಡಿಕೊಂಡು ಯಾತ್ರೆ ಮಾಡುವ ರೂಢಿ ಈ ಭಾಗದಲ್ಲಿ ಬಹಳ ಹಿಂದಿನಿಂದಲೂ ಇದೆ. ಇತ್ತೀಚಿನ ವರ್ಷಗಳಲ್ಲಿ ಮಲಗುವ ಹಾಗೂ ಅಡುಗೆಯ ವ್ಯವಸ್ಥೆಯುಳ್ಳ ಕ್ಯಾರವಾನ್ ವಾಹನಗಳೂ ಬಳಕೆಗೆ ಬಂದಿವೆ.

ಇಂತಹ ಪ್ರವಾಸದಲ್ಲಿ ಎರಡು ಜವಾಬ್ದಾರಿಗಳಿವೆ: ಒಂದು ಕುಟುಂಬದ ಸುರಕ್ಷತೆ, ಇನ್ನೊಂದು ಸ್ಮಾರಕದ ರಕ್ಷಣೆ. ಕೋಟೆಯ ಆವರಣವು ತಂಗುದಾಣವಲ್ಲ. ಅಲ್ಲಿ ಅಡುಗೆ ಮಾಡುವುದು, ರಾತ್ರಿ ಉಳಿಯುವುದು, ವಾಹನ ಒಳಗೊಯ್ಯುವುದು ನಿರ್ಬಂಧಿತ. ಆದುದರಿಂದ ವಾಹನ ಹಾಗೂ ವಸತಿಯನ್ನು ಊರಿನಲ್ಲಿ ನೆಲೆಗೊಳಿಸಿ, ಕೋಟೆಗಳನ್ನು ಹಗಲಿನಲ್ಲಿ ಕಾಲ್ನಡಿಗೆಯಿಂದ ನೋಡುವುದೇ ಸೂಕ್ತ ಕ್ರಮವಾಗಿದೆ. ಈ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

1. ಮಾರ್ಗ ಮತ್ತು ದೂರ

ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 (ಹಿಂದಿನ ಸಂಖ್ಯೆ 9) ಹುಮನಾಬಾದ್ ಮೂಲಕ ಹಾದುಹೋಗುತ್ತದೆ. ಬೀದರ್ ಮತ್ತು ಕಲಬುರಗಿಯನ್ನು ಜೋಡಿಸುವ ರಸ್ತೆಯು ಇಲ್ಲಿಯೇ ಅದನ್ನು ಸಂಧಿಸುತ್ತದೆ. ಬಸವಕಲ್ಯಾಣ ಪಟ್ಟಣವು ಹೆದ್ದಾರಿಯಿಂದ ಸ್ವಲ್ಪ ಒಳಗಿದ್ದು, ಸಸ್ತಾಪುರ ಬಂಗ್ಲಾ ಎಂಬಲ್ಲಿ ತಿರುಗಬೇಕು.

ಹುಮನಾಬಾದಿನಿಂದ ಅಂದಾಜು ದೂರ:
- ಬಸವಕಲ್ಯಾಣ: 30 ಕಿ.ಮೀ.
- ಬೀದರ್: 50 ಕಿ.ಮೀ.
- ಕಲಬುರಗಿ: 60 ಕಿ.ಮೀ.
- ನಳದುರ್ಗ: 100 ಕಿ.ಮೀ.

ಬೀದರ್–ಕಲಬುರಗಿ ರೈಲು ಮಾರ್ಗವು 2017ರ ಅಕ್ಟೋಬರ್ 29ರಂದು ಪೂರ್ಣವಾಗಿ ಲೋಕಾರ್ಪಣೆಗೊಂಡಿದ್ದು, ಹುಮನಾಬಾದ್ ಈ ಮಾರ್ಗದಲ್ಲಿ ನಿಲ್ದಾಣವನ್ನು ಹೊಂದಿದೆ. ದೀರ್ಘ ರಸ್ತೆ ಪ್ರಯಾಣ ಸಾಧ್ಯವಿಲ್ಲದ ಹಿರಿಯರು ರೈಲಿನಲ್ಲಿ ಬಂದು ಇಲ್ಲಿ ಕುಟುಂಬವನ್ನು ಸೇರಿಕೊಳ್ಳಬಹುದು. ಬಸವಕಲ್ಯಾಣ ಪಟ್ಟಣಕ್ಕೆ ರೈಲು ಸಂಪರ್ಕವಿಲ್ಲ.

2. ಕೋಟೆಗಳ ಪಕ್ಷಿನೋಟ

ಬಸವಕಲ್ಯಾಣ ಕೋಟೆ: ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿತ್ತು. ಒಂದನೆಯ ಸೋಮೇಶ್ವರನು (1042–1068) ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ವರ್ಗಾಯಿಸಿದನು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಬಿಲ್ಹಣ ಕವಿ ಹಾಗೂ 'ಮಿತಾಕ್ಷರ'ದ ಕರ್ತೃ ವಿಜ್ಞಾನೇಶ್ವರರು ಇಲ್ಲಿನ ಆಶ್ರಯದಲ್ಲಿದ್ದರು. 12ನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರ ನೇತೃತ್ವದ ಶರಣ ಚಳವಳಿಗೆ ಈ ಊರು ಕೇಂದ್ರವಾಯಿತು. ಅನಂತರ ಬಹಮನಿ, ಬಿಜಾಪುರ ಅರಸರ ಕೈಸೇರಿದ ಕೋಟೆಯನ್ನು 1657ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನು ಮುತ್ತಿಗೆ ಹಾಕಿ ವಶಪಡಿಸಿಕೊಂಡನು. ನಿಜಾಮರ ಕಾಲದಲ್ಲಿ ಇದು ಕಲ್ಯಾಣಿ ನವಾಬರ ಜಹಗೀರಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಊರಿಗೆ ಬಸವಕಲ್ಯಾಣ ಎಂಬ ಹೆಸರು ಬಂದಿತು. ಹಿಂದಿನ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ 2019ರಲ್ಲಿ 'ಕಲ್ಯಾಣ ಕರ್ನಾಟಕ' ಎಂದು ನಾಮಕರಣ ಮಾಡಿದಾಗಲೂ ಇದೇ ಹೆಸರು ಆಧಾರವಾಯಿತು.

ಈಗ ಕಾಣುವ ಕಟ್ಟಡಗಳಲ್ಲಿ ಬಹುಭಾಗ ಸುಲ್ತಾನರ ಹಾಗೂ ನಂತರದ ಕಾಲದವು. ಸಹಜ ಬಂಡೆಗಳನ್ನೇ ಗೋಡೆಯೊಂದಿಗೆ ಬೆಸೆದು ಕಟ್ಟಿರುವುದು ಈ ಕೋಟೆಯ ವೈಶಿಷ್ಟ್ಯ. ಒಳಗಿರುವ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ಸುತ್ತಮುತ್ತ ದೊರೆತ ಜೈನ ಹಾಗೂ ಶೈವ ಶಿಲ್ಪಗಳಿವೆ. ಮಕ್ಕಳೊಂದಿಗೆ ಬರುವವರು ಮೊದಲು ಸಂಗ್ರಹಾಲಯವನ್ನು ನೋಡಿ, ಬಳಿಕ ಬುರುಜುಗಳ ಕಡೆಗೆ ಹೋಗುವುದು ಒಳಿತು. ಚಾಲುಕ್ಯರ ಕಾಲದ ಶಿಲ್ಪ ಯಾವುದು, ಸುಲ್ತಾನರ ಕಾಲದ ಕಟ್ಟಡ ಯಾವುದು ಎಂಬುದನ್ನು ಅವರು ಆಗ ತಾವೇ ಗುರುತಿಸಬಲ್ಲರು.

ಬೀದರ್ ಕೋಟೆ: ಬಹಮನಿ ಅರಸ ಅಹಮದ್ ಶಾಹ ವಲಿಯು 15ನೆಯ ಶತಮಾನದ ಆರಂಭದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ವರ್ಗಾಯಿಸಿ ಈ ಕೋಟೆಯನ್ನು ಕಟ್ಟಿಸಿದನು. ಬಂಡೆಯನ್ನು ಕೊರೆದು ಮಾಡಿದ ಮೂರು ಸಾಲಿನ ಕಂದಕ, ಗುಂಬಜ್ ದರವಾಜಾ, ಸೋಲಾ ಖಂಬಾ ಮಸೀದಿ, ತಖ್ತ್ ಮಹಲ್, ಗಗನ್ ಮಹಲ್ ಇಲ್ಲಿನ ಮುಖ್ಯ ರಚನೆಗಳು. ರಂಗೀನ್ ಮಹಲಿನಲ್ಲಿ ಮರದ ಕೆತ್ತನೆ, ಬಣ್ಣದ ಹೆಂಚಿನ ಕೆಲಸ ಹಾಗೂ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಅಲಂಕಾರವಿದೆ. ಊರಿನೊಳಗೆ 1472ರಲ್ಲಿ ಕಟ್ಟಲಾದ ಮಹಮೂದ್ ಗವಾನನ ಮದರಸಾ, ಊರಿನ ಹೊರಗೆ ಅಷ್ಟೂರಿನ ಬಹಮನಿ ಗೋರಿಗಳಿವೆ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬಿದರಿ ಕಲೆಯಲ್ಲಿ ಲೋಹಕ್ಕೆ ಕಪ್ಪು ಬಣ್ಣ ಬರಿಸಲು ಕೋಟೆಯ ಮಣ್ಣನ್ನು ಬಳಸಲಾಗುತ್ತದೆ. ಕುಶಲಕರ್ಮಿಗಳ ಅಂಗಡಿಗಳಲ್ಲಿ ಈ ಕೆಲಸವನ್ನು ನೋಡಬಹುದು.

ಕಲಬುರಗಿ ಕೋಟೆ: 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಛಾವಣಿಯಿದೆ. ಭಾರತದಲ್ಲಿ ಇಂತಹ ಮಸೀದಿಗಳು ವಿರಳ.

ನಳದುರ್ಗ: ಹೆದ್ದಾರಿ 65ರಲ್ಲಿಯೇ ಪಶ್ಚಿಮಕ್ಕೆ ಸಾಗಿದರೆ ದೊರೆಯುವ ಕೋಟೆ. ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಒಡಲಿನಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ನಿರ್ಮಿಸಿದ 'ಪಾನಿ ಮಹಲ್' ಇದೆ. ಮಳೆಗಾಲದಲ್ಲಿ ನೀರು ಒಡ್ಡಿನ ಮೇಲಿಂದ ಧುಮುಕುವಾಗ ಮಕ್ಕಳನ್ನು ಅಂಚಿಗೆ ಬಿಡಬಾರದು.

ಬೀದರ್, ಕಲಬುರಗಿ ಹಾಗೂ ಇತರ ದಖ್ಖನಿ ಸುಲ್ತಾನರ ಸ್ಮಾರಕಗಳನ್ನು 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಗಿದೆ.

3. ಸೂಚಿತ ನಾಲ್ಕು ದಿನಗಳ ಕಾರ್ಯಕ್ರಮ

ಮೊದಲ ದಿನ: ಹುಮನಾಬಾದ್ ತಲುಪಿ ವೀರಭದ್ರೇಶ್ವರ ದೇವಾಲಯ ಹಾಗೂ ಮಾಣಿಕ ಪ್ರಭುಗಳ (1817–1865) ಸಂಸ್ಥಾನವಿರುವ ಮಾಣಿಕನಗರದ ದರ್ಶನ. ಸಮಯವಿದ್ದಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದ ಚಾಲುಕ್ಯ ದೇವಾಲಯ. ಇಲ್ಲಿನ ಗೋಡೆಯಲ್ಲಿರುವ, ಶಾಸನ ಬರೆಯುತ್ತಿರುವ ಸ್ತ್ರೀಯ ಶಿಲ್ಪವು ಪ್ರಸಿದ್ಧವಾಗಿದ್ದು, ಆಕೆ ಬರೆಯುತ್ತಿರುವ ಸಾಲುಗಳು ವಿಕ್ರಮಾದಿತ್ಯನನ್ನು ಕುರಿತವು.

ಎರಡನೆಯ ದಿನ: ಬೆಳಿಗ್ಗೆ ಬಸವಕಲ್ಯಾಣ ಕೋಟೆ ಮತ್ತು ಸಂಗ್ರಹಾಲಯ. ಬಿಸಿಲು ಏರಿದ ನಂತರ ಬಸವೇಶ್ವರ ದೇವಾಲಯ, ಅನುಭವ ಮಂಟಪ, ಅಕ್ಕ ನಾಗಮ್ಮನ ಗವಿ. ಸಂಜೆ ಪಟ್ಟಣದ ಸಮೀಪದ ನಾರಾಯಣಪುರದ ಶಿವಾಲಯ.

ಮೂರನೆಯ ದಿನ: ಬೀದರ್ ಕೋಟೆ, ಮದರಸಾ, ಅಷ್ಟೂರು. ಗುರುನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಎಲ್ಲರಿಗೂ ಊಟ ದೊರೆಯುತ್ತದೆ.

ನಾಲ್ಕನೆಯ ದಿನ: ಹಿಂದಿರುಗುವ ದಿಕ್ಕನ್ನು ನೋಡಿಕೊಂಡು ಕಲಬುರಗಿ ಅಥವಾ ನಳದುರ್ಗ.

ಒಂದು ದಿನಕ್ಕೆ ಒಂದಕ್ಕಿಂತ ಹೆಚ್ಚು ಕೋಟೆಯನ್ನು ಇಟ್ಟುಕೊಳ್ಳದಿರುವುದು ಸೂಕ್ತ. ಬೀದರ್ ಕೋಟೆಯೊಂದಕ್ಕೇ ಅರ್ಧ ದಿನ ಬೇಕಾಗುತ್ತದೆ.

4. ಸೂಕ್ತ ಕಾಲ

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ಏಪ್ರಿಲ್–ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ದಾಟುವುದುಂಟು. ಕೋಟೆಯ ಕಲ್ಲುಹಾಸಿನ ಮೇಲೆ ನೆರಳು ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಚಿಗಟ್ಟಿದ ಮೆಟ್ಟಿಲುಗಳು ಜಾರುತ್ತವೆ. ಬಸವ ಜಯಂತಿಯಂದು ಬಸವಕಲ್ಯಾಣದಲ್ಲಿ, ಜನವರಿಯ ವೀರಭದ್ರೇಶ್ವರ ಜಾತ್ರೆಯಲ್ಲಿ ಹುಮನಾಬಾದಿನಲ್ಲಿ ಹಾಗೂ ದತ್ತ ಜಯಂತಿಯಂದು ಮಾಣಿಕನಗರದಲ್ಲಿ ಜನಸಂದಣಿ ಹೆಚ್ಚಿರುವುದರಿಂದ ವಸತಿಯನ್ನು ಮುಂಚಿತವಾಗಿ ಕಾಯ್ದಿರಿಸತಕ್ಕದ್ದು.

ಚಳಿಗಾಲವು ಈ ಭಾಗದಲ್ಲಿ ಕಬ್ಬು ನುರಿಸುವ ಕಾಲವೂ ಹೌದು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ರಸ್ತೆಯಲ್ಲಿ ಸಾಗುವುದು, ರಸ್ತೆ ಬದಿಯಲ್ಲಿ ನಿಲ್ಲುವುದು ಕಂಡುಬರುತ್ತದೆ. ಕತ್ತಲಾದ ಮೇಲೆ ಸಂಚಾರವನ್ನು ಆದಷ್ಟು ತಪ್ಪಿಸುವಂತೆ ಸಲಹೆ ನೀಡಲಾಗಿದೆ.

5. ವಾಹನಕ್ಕೆ ಸಂಬಂಧಿಸಿದ ದಾಖಲೆಗಳು

ಪ್ರಯಾಣದ ವೇಳೆ ಈ ಕೆಳಕಂಡ ದಾಖಲೆಗಳಿರತಕ್ಕದ್ದು:
- ಚಾಲಕರ ಚಾಲನಾ ಪರವಾನಗಿ
- ವಾಹನದ ನೋಂದಣಿ ಪ್ರಮಾಣಪತ್ರ
- ಚಾಲ್ತಿಯಲ್ಲಿರುವ ವಿಮಾ ಪತ್ರ
- ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ
- ಬಾಡಿಗೆ ವಾಹನವಾದಲ್ಲಿ ರಹದಾರಿ ಹಾಗೂ ಅರ್ಹತಾ ಪ್ರಮಾಣಪತ್ರ

ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ತೋರಿಸುವ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವಾಗಿವೆ. ಹೆದ್ದಾರಿಯ ಟೋಲ್ ಕೇಂದ್ರಗಳಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ.

ಬಾಡಿಗೆಗೆ ಪಡೆಯುವ ವಾಹನವು ಹಳದಿ ನಾಮಫಲಕವನ್ನು ಹೊಂದಿರಬೇಕು. ಬಿಳಿ ನಾಮಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವುದು ಮೋಟಾರು ವಾಹನಗಳ ಕಾಯ್ದೆ, 1988ಕ್ಕೆ ವಿರುದ್ಧವಾಗಿದ್ದು, ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗುತ್ತದೆ. ಕಡಿಮೆ ಬಾಡಿಗೆಯ ಆಸೆಗೆ ಇಂತಹ ವಾಹನದಲ್ಲಿ ಹೊರಟ ಕುಟುಂಬವು ಅವಘಡದ ನಂತರ ಆಸ್ಪತ್ರೆಯ ವೆಚ್ಚವನ್ನು ತಾನೇ ಭರಿಸಬೇಕಾಗಬಹುದು. ನಳದುರ್ಗಕ್ಕೆ ಹೋಗುವವರು ವಾಹನಕ್ಕೆ ಅಖಿಲ ಭಾರತ ಪ್ರವಾಸಿ ರಹದಾರಿ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಇಲ್ಲದಿದ್ದಲ್ಲಿ ವಾಹನದ ಮಾಲೀಕರು ವಿಶೇಷ ರಹದಾರಿ ಪಡೆಯಬೇಕು. ಸ್ವಂತ ಬಳಕೆಯ ಖಾಸಗಿ ವಾಹನಕ್ಕೆ ರಹದಾರಿ ಬೇಕಿಲ್ಲ.

ನೋಂದಣಿ ಪತ್ರದಲ್ಲಿ ನಮೂದಿಸಿದ ಆಸನಗಳಿಗಿಂತ ಹೆಚ್ಚು ಜನರನ್ನು ಕೂರಿಸುವಂತಿಲ್ಲ. ಚಲಿಸುವ ವಾಹನದಲ್ಲಿ ಮಕ್ಕಳು ಹಾಸಿಗೆಯ ಮೇಲೆ ಮಲಗಿರದೆ, ಆಸನದಲ್ಲಿ ಕುಳಿತು ಸೀಟ್ ಬೆಲ್ಟ್ ಧರಿಸಿರಬೇಕು.

6. ವಾಹನವನ್ನು ಕ್ಯಾರವಾನ್ ಆಗಿ ಮಾರ್ಪಡಿಸುವವರ ಗಮನಕ್ಕೆ

ವಾಸದ ವ್ಯವಸ್ಥೆಯುಳ್ಳ ವಾಹನಗಳಿಗಾಗಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ 'ಮೋಟಾರು ಕ್ಯಾರವಾನ್' ಎಂಬ ವರ್ಗವಿದೆ. ವ್ಯಾನು ಅಥವಾ ಮಿನಿ ಬಸ್ಸಿನ ಆಸನಗಳನ್ನು ತೆಗೆದು ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಶಾಶ್ವತವಾಗಿ ಅಳವಡಿಸುವುದು ಕಾಯ್ದೆಯ 52ನೇ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತಹ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಸ್ಪಷ್ಟಪಡಿಸಿದೆ. ಆದಕಾರಣ ಕೆಲಸ ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರದ ಲಿಖಿತ ಅನುಮತಿಗಾಗಿ ಅರ್ಜಿ ಸಲ್ಲಿಸತಕ್ಕದ್ದು. ಬೀದರ್ ಜಿಲ್ಲೆಯಲ್ಲಿ ಬೀದರ್ (ಕೆಎ-38), ಭಾಲ್ಕಿ (ಕೆಎ-39) ಹಾಗೂ ಬಸವಕಲ್ಯಾಣದಲ್ಲಿ (ಕೆಎ-56) ಸಾರಿಗೆ ಕಚೇರಿಗಳಿವೆ.

ಮಡಚುವ ಹಾಸಿಗೆ, ನೀರಿನ ಕ್ಯಾನು, ಪಾತ್ರೆಗಳ ಪೆಟ್ಟಿಗೆ ಮುಂತಾದ, ವಾಹನಕ್ಕೆ ಜೋಡಿಸದ ಸಾಮಗ್ರಿಗಳನ್ನು ಒಯ್ಯಲು ಅನುಮತಿ ಬೇಕಿಲ್ಲ. ಆದರೆ ಅವು ತುರ್ತು ನಿರ್ಗಮನದ ದಾರಿಗೆ ಅಡ್ಡವಾಗಿರಬಾರದು. ವಾಹನದೊಳಗೆ ಗ್ಯಾಸ್ ಒಲೆ ಹೊತ್ತಿಸಬಾರದು. ಕಿಟಕಿ ಮುಚ್ಚಿ ಇಂಜಿನ್ ಚಾಲನೆಯಲ್ಲಿಟ್ಟು ಅಥವಾ ಇದ್ದಿಲ ಒಲೆ ಒಳಗಿಟ್ಟು ಮಲಗುವುದು ಪ್ರಾಣಾಪಾಯಕಾರಿ. ಅದರಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಚಳಿಗಾಲದಲ್ಲಿ ಈ ಬಗ್ಗೆ ವಿಶೇಷ ಎಚ್ಚರಿಕೆ ವಹಿಸುವುದು.

7. ರಾತ್ರಿ ತಂಗುವಿಕೆ

ವಾಹನದಲ್ಲಿ ಮಲಗುವವರು ಹೆದ್ದಾರಿಯ ಅಂಚಿನಲ್ಲಿ ವಾಹನ ನಿಲ್ಲಿಸದೆ, ಮಾಲೀಕರ ಒಪ್ಪಿಗೆ ಪಡೆದು ವಸತಿಗೃಹ, ಯಾತ್ರಿ ನಿವಾಸ ಅಥವಾ ಕಾವಲುಗಾರರಿರುವ ಪೆಟ್ರೋಲ್ ಬಂಕಿನ ಆವರಣದಲ್ಲಿ ನಿಲ್ಲಿಸುವುದು. ಮಾಣಿಕನಗರದಲ್ಲಿ ಯಾತ್ರಿಕರ ವಸತಿ ವ್ಯವಸ್ಥೆಯಿದೆ. ಬೀದರಿನಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಬರೀದ್ ಶಾಹಿ ಹೋಟೆಲ್ ಇದೆ. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರದಲ್ಲಿ ಕೊಠಡಿ ಬೇಕಾದವರು ಸಂಬಂಧಪಟ್ಟ ಉಪವಿಭಾಗದ ಕಚೇರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು; ಸರ್ಕಾರಿ ಕರ್ತವ್ಯದ ಮೇಲೆ ಬರುವವರಿಗೆ ಅಲ್ಲಿ ಆದ್ಯತೆ ಇರುತ್ತದೆ.

8. ಕೋಟೆಯೊಳಗೆ ಪಾಲಿಸಬೇಕಾದ ನಿಯಮಗಳು

ಬೀದರ್ ಹಾಗೂ ಕಲಬುರಗಿ ಕೋಟೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿದ್ದು, 1958ರ ಕೇಂದ್ರ ಕಾಯ್ದೆ ಹಾಗೂ 1959ರ ನಿಯಮಗಳು ಅನ್ವಯಿಸುತ್ತವೆ. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಅನ್ವಯಿಸುತ್ತದೆ.

- ನಿಗದಿತ ಸ್ಥಳದ ಹೊರತು ಅಡುಗೆ ಮಾಡುವುದು, ಊಟ ಮಾಡುವುದು ನಿಷಿದ್ಧ. ಬುತ್ತಿಯನ್ನು ಆವರಣದ ಹೊರಗೆ ಬಿಚ್ಚುವುದು.
- ವಾಹನ ಹಾಗೂ ಪ್ರಾಣಿಗಳನ್ನು ಸ್ಮಾರಕದೊಳಗೆ ತರುವಂತಿಲ್ಲ. ವಾಹನವನ್ನು ನಿಲುಗಡೆ ಸ್ಥಳದಲ್ಲಿಯೇ ಬಿಡತಕ್ಕದ್ದು. ಎತ್ತರದ ವಾಹನಗಳನ್ನು ಹಳೆಯ ಊರಬಾಗಿಲುಗಳೊಳಗೆ ನುಗ್ಗಿಸದೆ ಹೊರಗೆ ನಿಲ್ಲಿಸಿ, ಆಟೊರಿಕ್ಷಾದಲ್ಲಿ ಮುಂದುವರಿಯುವುದು.
- ಗೋಡೆಗಳ ಮೇಲೆ ಹೆಸರು ಕೆತ್ತುವುದು, ಬರೆಯುವುದು ಅಪರಾಧ. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.
- ಡ್ರೋನ್ ಹಾರಿಸಲು ಡ್ರೋನ್ ನಿಯಮಗಳು, 2021 ಹಾಗೂ ಸ್ಮಾರಕದ ಪ್ರಾಧಿಕಾರದ ಅನುಮತಿ ಎರಡೂ ಅನ್ವಯಿಸುತ್ತವೆ. ಬೀದರಿನಲ್ಲಿ ವಾಯುಪಡೆಯ ನೆಲೆಯಿರುವುದರಿಂದ ಅನುಮತಿಯಿಲ್ಲದೆ ಹಾರಿಸುವುದು ಗಂಭೀರ ಉಲ್ಲಂಘನೆ.

ಈ ನಿಯಮಗಳು ಬರಿಯ ಔಪಚಾರಿಕತೆಗಾಗಿ ಅಲ್ಲ. ಒಲೆಯ ಹೊಗೆಯು ಗಾರೆಯ ಮೇಲೆ ಎಣ್ಣೆಯ ಪದರವಾಗಿ ಕೂರುತ್ತದೆ. ಅದನ್ನು ತೆಗೆಯುವಾಗ ಬಣ್ಣವೂ ಕಳಚಿಬರುತ್ತದೆ. ಕಿತ್ತುಹೋದ ಹೆಂಚಿನ ಚೂರನ್ನು ಅದೇ ಕೌಶಲದಿಂದ ಮತ್ತೆ ಮಾಡಿಕೂರಿಸಲು ಸಾಧ್ಯವಿಲ್ಲ. ಗವಾನನ ಮದರಸಾದ ಮುಂಭಾಗದ ಹೆಂಚುಗಳಲ್ಲಿ ಉಳಿದಿರುವುದು ಸ್ವಲ್ಪ ಭಾಗ ಮಾತ್ರ. ಇದನ್ನು ಮಕ್ಕಳಿಗೆ ಸ್ಥಳದಲ್ಲಿಯೇ ತೋರಿಸಿ ತಿಳಿಹೇಳುವುದು ಪೋಷಕರ ಕರ್ತವ್ಯ.

9. ಮಕ್ಕಳು ಮತ್ತು ಹಿರಿಯರ ಸುರಕ್ಷತೆ

ಕೋಟೆಗಳಲ್ಲಿ ತಡೆಗೋಡೆಯಿಲ್ಲದ ಬುರುಜುಗಳು, ತೆರೆದ ಬಾವಿಗಳು, ಕತ್ತಲೆಯ ನೆಲಮಾಳಿಗೆಗಳು ಇವೆ. ಮಕ್ಕಳನ್ನು ಕೈಹಿಡಿದು ನಡೆಸತಕ್ಕದ್ದು. ಮುಚ್ಚಿದ ಬಾಗಿಲುಗಳನ್ನು ದಾಟಬಾರದು. ಕೋಟೆಯ ಅಂಚಿನಲ್ಲಿ ಹಿಂದಕ್ಕೆ ಸರಿಯುತ್ತಾ ಛಾಯಾಚಿತ್ರ ತೆಗೆಯಬಾರದು. ಕಮಾನುಗಳಲ್ಲಿ ಜೇನುಗೂಡುಗಳಿರುವುದರಿಂದ ಕಲ್ಲೆಸೆಯುವುದು, ಹೊಗೆ ಹಾಕುವುದು ಕೂಡದು. ಹುಲ್ಲು ಬೆಳೆದ ಕಡೆ ಹಾವುಗಳ ಭಯವಿದ್ದು ಬೂಟು ಧರಿಸುವುದು ಒಳಿತು. ಮೊಣಕಾಲು ನೋವಿರುವ ಹಿರಿಯರು ಕೆಳಗಿನ ಅಂಗಳಗಳನ್ನು ಮಾತ್ರ ನೋಡಿ, ಅವರೊಂದಿಗೆ ಒಬ್ಬರು ಉಳಿಯುವಂತೆ ಏರ್ಪಾಡು ಮಾಡಿಕೊಳ್ಳುವುದು. ಪ್ರತಿಯೊಬ್ಬರಿಗೂ ಸಾಕಷ್ಟು ಕುಡಿಯುವ ನೀರನ್ನು ಒಯ್ಯತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಾಮಾನ್ಯ ಕಾರಿನ ಪರವಾನಗಿ ಇರುವವರು ಕ್ಯಾರವಾನ್ ಓಡಿಸಬಹುದೇ?
ಉತ್ತರ: ಒಟ್ಟು ತೂಕ 7,500 ಕಿ.ಗ್ರಾಂ. ಮೀರದ ಲಘು ವಾಹನವಾದಲ್ಲಿ ಓಡಿಸಬಹುದು. ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಇತ್ಯರ್ಥಪಡಿಸಿದೆ.

ಪ್ರಶ್ನೆ: ಮಕ್ಕಳಿಗೆ ಪ್ರವೇಶ ಶುಲ್ಕವಿದೆಯೇ?
ಉತ್ತರ: ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಶುಲ್ಕ ಸಹಿತ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಪ್ರಶ್ನೆ: ಸಂಗ್ರಹಾಲಯಗಳಿಗೆ ವಾರದ ರಜೆ ಯಾವಾಗ?
ಉತ್ತರ: ಸರ್ವೇಕ್ಷಣಾ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಶುಕ್ರವಾರ, ರಾಜ್ಯ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ.

ಪ್ರಶ್ನೆ: ಹುಮನಾಬಾದಿನಲ್ಲಿ ದೊಡ್ಡ ಕೋಟೆ ಇಲ್ಲದಿದ್ದರೂ ಅಲ್ಲಿಯೇ ತಂಗಲು ಸೂಚಿಸಿರುವುದೇಕೆ?
ಉತ್ತರ: ನಾಲ್ಕೂ ದಿಕ್ಕಿನ ರಸ್ತೆಗಳು ಇಲ್ಲಿ ಕೂಡುವುದರಿಂದ ಪ್ರತಿದಿನ ಸಾಮಾನು ಕಟ್ಟಿ ಸ್ಥಳ ಬದಲಿಸುವ ಅಗತ್ಯವಿರುವುದಿಲ್ಲ, ಸಂಜೆಯೊಳಗೆ ಹಿಂದಿರುಗಬಹುದು.

11. ತುರ್ತು ದೂರವಾಣಿ ಸಂಖ್ಯೆಗಳು

- ಪೊಲೀಸ್, ಅಗ್ನಿಶಾಮಕ ಹಾಗೂ ಎಲ್ಲ ತುರ್ತು ಸೇವೆ: 112
- ಆಂಬುಲೆನ್ಸ್: 108
- ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ: 1033
- ಪ್ರವಾಸಿಗರ ಸಹಾಯವಾಣಿ: 1363
- ಮಕ್ಕಳ ಸಹಾಯವಾಣಿ: 1098

ಹೊರಡುವ ಮುನ್ನ ಈ ಸಂಖ್ಯೆಗಳನ್ನು ಕುಟುಂಬದ ಪ್ರತಿಯೊಬ್ಬ ವಯಸ್ಕರ ದೂರವಾಣಿಯಲ್ಲಿ ದಾಖಲಿಸಿಕೊಳ್ಳುವಂತೆಯೂ, ಚಿಕ್ಕ ಮಕ್ಕಳ ಜೇಬಿನಲ್ಲಿ ಪೋಷಕರ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಿಸುವಂತೆಯೂ ಕೋರಲಾಗಿದೆ.